ಪರ್ಷಿಯನ್ ಮಾರ್ಜಾಲದ ದೇಶ, ಕಾಲ, ಮತ ವಿಚಾರ

ಕನ್ನಡದಲ್ಲಿ ಯಾವ ಕವಿಯನ್ನಾದರೂ ಗಂಭೀರವಾಗಿ ತೆಗೆದುಕೊಳ್ಳಬೇಕಾದರೆ ಮೊದಲು ಅವನ ದೇಶ, ಕಾಲ, ಮತಗಳನ್ನು ಇತ್ಯರ್ಥ ಮಾಡಬೇಕು. ಬರೆದದ್ದನ್ನು ಓದುವುದು ಆಮೇಲೆ, ಪುರುಸೊತ್ತಾದರೆ. ಆರ್. ನರಸಿಂಹಾಚಾರ್ಯರು ‘ಕರ್ಣಾಟಕ ಕವಿಚರಿತೆ’ಯಲ್ಲಿ ಹಾಕಿಕೊಟ್ಟ ದಾರಿ ಅದು, ಪುರುಸೊತ್ತಿನ ಷರತ್ತು ಮಾತ್ರ ನಮ್ಮಂಥವರು ಸೇರಿಸಿದ್ದು. ಲಕ್ಷ್ಮೀಶನನ್ನು ದೇವನೂರಿಗೂ ಸುರಪುರಕ್ಕೂ ನಡುವೆ ಓಡಾಡಿಸಿದ, ಕವಿರಾಜಮಾರ್ಗವನ್ನು ಒಮ್ಮೆ ನೃಪತುಂಗನ ಕೈಗೂ ಇನ್ನೊಮ್ಮೆ ಶ್ರೀವಿಜಯನ ಕೈಗೂ ಕೊಟ್ಟ ನಮ್ಮ ಪಂಡಿತಲೋಕ, ಸೋಫಾದ ಮೇಲೆ ಮಲಗಿರುವ ಉದ್ದಗೂದಲಿನ ಪರ್ಷಿಯನ್ ಬೆಕ್ಕಿನ ಬಗ್ಗೆ ಚಕಾರವೆತ್ತಿದ್ದು ನಮ್ಮ ಕಣ್ಣಿಗೆ ಬಿದ್ದಿಲ್ಲ. ಆ ಕೊರತೆಯನ್ನು ನೀಗಲು ಈ ನಿಬಂಧ. ಇಲ್ಲಿ ‘ನಾವು’ ಎಂದರೆ ಒಬ್ಬನೇ. ಸಂಶೋಧಕನಿಗೆ ಬಹುವಚನ ಹುಟ್ಟಿನಿಂದ ಬಂದ ಹಕ್ಕು.

ಮೊದಲು ದೇಶ. ಹೆಸರಲ್ಲೇ ಪರ್ಷಿಯಾ ಇರುವಾಗ ವಿಚಾರ ಮಾಡುವುದಕ್ಕೇನಿದೆ ಎನ್ನುವವರು ಸಂಶೋಧನೆಗೆ ಲಾಯಕ್ಕಲ್ಲ. ಅಂಥ ಪೂರ್ವಪಕ್ಷದವರ ದೊಡ್ಡ ಸಾಕ್ಷಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮನ್ ಪ್ರವಾಸಿ. 1586ರಲ್ಲಿ ಹುಟ್ಟಿದ ಈತ ಪ್ರೇಮಭಂಗವಾಗಿ ಊರು ಬಿಟ್ಟವನು. 1614ರಲ್ಲಿ ವೆನಿಸ್ಸಿನಲ್ಲಿ ಹಡಗು ಹತ್ತಿ, ಬಾಗ್ದಾದಿನಲ್ಲಿ ಮದುವೆಯಾಗಿ, ಷಾ ಅಬ್ಬಾಸನ ಪರ್ಷಿಯಾ ಸೇರಿದ. 1620ರಲ್ಲಿ ಇಸ್ಫಹಾನಿನಿಂದ ಬರೆದ ಪತ್ರದಲ್ಲಿ ಖೊರಾಸಾನ್ ಸೀಮೆಯ ಬೆಕ್ಕುಗಳನ್ನು ವರ್ಣಿಸಿದ್ದಾನೆ: ಬೂದು ಬಣ್ಣ, ರೇಷ್ಮೆಯಂಥ ಕೂದಲು, ಅಳಿಲಿನದನ್ನು ಹೋಲುವ ತುಪ್ಪುಳದ ಬಾಲ. ನಾಲ್ಕು ಜೋಡಿಗಳನ್ನು ರೋಮಿಗೆ ಒಯ್ಯುವ ಆಸೆಯನ್ನೂ ತೋಡಿಕೊಂಡಿದ್ದಾನೆ. ಯೂರೋಪಿನ ಬೆಕ್ಕಿನ ಚರಿತ್ರೆಗಳೆಲ್ಲ ಈ ಪತ್ರದಿಂದಲೇ ಶುರು.

ಇಲ್ಲಿಗೆ ಬಿಟ್ಟುಬಿಡಬಹುದಿತ್ತು. ಆದರೆ ಕನ್ನಡ ಸಂಶೋಧಕನ ಕಿವಿ ನೆಟ್ಟಗಾಗುವುದು ಇದರ ಮುಂದಿನ ಪುಟಗಳಲ್ಲಿ. ಇದೇ ದೆಲ್ಲಾ ವಾಲ್ಲೆ 1623ರಲ್ಲಿ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆಯ ಮೇಲೆ ಘಟ್ಟ ಹತ್ತಿ, ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನ ದರ್ಬಾರಿಗೆ ಹಾಜರಾದ. ದಾರಿಯಲ್ಲೊಂದು ಗುಡಿಯ ಜಗಲಿಯಲ್ಲಿ ಹುಡುಗರು ಮರಳಿನ ಮೇಲೆ ಬೆರಳಾಡಿಸುತ್ತ ಲೆಕ್ಕವನ್ನು ರಾಗವಾಗಿ ಹೇಳುವುದನ್ನೂ ಬಿಡದೆ ಬರೆದುಕೊಂಡ. ಅಲ್ಲಿಂದ ಇಳಿದು ಮಂಗಳೂರಿನ ಕಡೆ ಹೋಗಿ ಉಳ್ಳಾಲದ ರಾಣಿಯನ್ನೂ ಕಂಡ. ಪರ್ಷಿಯನ್ ಬೆಕ್ಕನ್ನು ಯೂರೋಪಿಗೆ ಪರಿಚಯಿಸಿದ ಕಣ್ಣುಗಳೇ ಮೂರು ವರ್ಷದ ಮೇಲೆ ನಮ್ಮ ಮಲೆನಾಡನ್ನು ಕಂಡಿವೆ ಎಂದಮೇಲೆ ಉತ್ಸಾಹ ತಡೆಯುವುದು ಕಷ್ಟ. ಆ ನಾಲ್ಕು ಜೋಡಿಗಳಲ್ಲಿ ಒಂದಾದರೂ ಇಕ್ಕೇರಿಯಲ್ಲಿ ಹಾಲು ಕುಡಿದಿರಬಾರದೇಕೆ? ಪರ್ಷಿಯಾದಲ್ಲಿ ತೀರಿಕೊಂಡ ಹೆಂಡತಿಯ ಶವವನ್ನು ಪೆಟ್ಟಿಗೆಯಲ್ಲಿಟ್ಟು ಇಡೀ ಹಿಂದೂಸ್ಥಾನದ ಪ್ರಯಾಣದುದ್ದಕ್ಕೂ ಹೊತ್ತು, 1627ರಲ್ಲಿ ರೋಮಿನಲ್ಲಿ ಮಣ್ಣು ಮಾಡಿದ ಮನುಷ್ಯನಿಗೆ ಬೆಕ್ಕಿನ ಬುಟ್ಟಿ ಒಂದು ಭಾರವೇ? ಬೆಕ್ಕು ಇಕ್ಕೇರಿಗೆ ಬಂದಿತ್ತೆನ್ನಲು ಆಧಾರ ಇಲ್ಲ ಎಂಬುದನ್ನು ನಾವು ಒಪ್ಪುತ್ತೇವೆ. ಆದರೆ ಇದಕ್ಕಿಂತ ಕಡಿಮೆ ಆಧಾರದ ಮೇಲೆ ಜನ್ಮಸ್ಥಳದ ಫಲಕ ನೆಟ್ಟ ಊರುಗಳು ನಮ್ಮ ರಾಜ್ಯದಲ್ಲಿ ಇಲ್ಲವೇ ಎಂದು ಇಕ್ಕೇರಿ ಇರುವ ಸಾಗರ ತಾಲ್ಲೂಕಿನವರು ಕೇಳಿದರೆ ನಮ್ಮ ಬಳಿ ಉತ್ತರವೂ ಇಲ್ಲ.

ಎರಡನೆಯ ಸಾಕ್ಷಿ ಮೊದಲನೆಯದರ ಬುಡ ಕೀಳುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ರಾಯಭಾರಿಯಾಗಿ ಅಫ್ಘಾನ್ ದೊರೆಯ ಬಳಿಗೆ ಹೋಗಿ 1809ರಲ್ಲಿ ಪೇಶಾವರದಲ್ಲಿದ್ದ ಮೌಂಟ್‌ಸ್ಟೂವರ್ಟ್ ಎಲ್ಫಿನ್‌ಸ್ಟನ್, 1815ರಲ್ಲಿ ಅಚ್ಚಾದ ತನ್ನ ಕಾಬೂಲ್ ವೃತ್ತಾಂತದಲ್ಲಿ ಉದ್ದಗೂದಲಿನ ಬೆಕ್ಕಿನ ಮಾತೆತ್ತುತ್ತಾನೆ. ಅವನ ಪ್ರಕಾರ ಇವು ಕಾಬೂಲಿನ ಸೀಮೆಯಿಂದ ಹೇರಳವಾಗಿ ರಫ್ತಾಗುತ್ತವೆ, ಹೋದಲ್ಲೆಲ್ಲ ಪರ್ಷಿಯನ್ ಅನ್ನಿಸಿಕೊಳ್ಳುತ್ತವೆ. ಪರ್ಷಿಯಾದಲ್ಲಿ ಇವು ಹೆಚ್ಚಾಗಿಲ್ಲ, ಅಲ್ಲಿಂದ ಹೊರಗೆ ಹೋಗುವುದೂ ಇಲ್ಲವೆನ್ನುವಷ್ಟು ಅಪರೂಪ. ಒಣದ್ರಾಕ್ಷಿ, ಇಂಗು, ಕುದುರೆಗಳನ್ನು ಮಾರಿ ಗೊತ್ತಿದ್ದ ಜನಕ್ಕೆ ಬೆಕ್ಕಿನ ಬೆಲೆ ಯಾವ ಊರಿನ ಹೆಸರಿಗೆ ಏರುತ್ತದೆ ಎಂದು ಹೇಳಿಕೊಡಬೇಕೇ?

ಇನ್ನು ಫ್ರಾನ್ಸಿನವರು ಬೆರಳು ತೋರಿಸಿದ್ದು ತುರ್ಕಿಯ ಅಂಕಾರಾದತ್ತ, ಅಂದರೆ ಹಳೆಯ ಹೆಸರಿನ ಅಂಗೋರಾದತ್ತ. ಹದಿನೇಳನೆಯ ಶತಮಾನದ ಮೊದಲ ದಶಕಗಳಲ್ಲಿ ಪೈರೆಸ್ಕ್ ಎಂಬ ಮಹಾವಿದ್ವಾಂಸ ತನ್ನ ಮನೆಯಲ್ಲೇ ಅಂಗೋರಾ ಬೆಕ್ಕುಗಳ ಸಂಸಾರ ಬೆಳೆಸಿ, ಬೇಕಾದವರಿಗೆ ಮರಿಗಳನ್ನು ಉಡುಗೊರೆ ಕೊಡುತ್ತಿದ್ದ. ಹಳೆಯ ವಸ್ತುಗಳನ್ನು ಕಲೆಹಾಕುವ ಹುಚ್ಚಿನವನಿಗೆ ಯಾರ ಮನಸ್ಸನ್ನು ಹೇಗೆ ಕರಗಿಸಬೇಕೆಂಬ ಅರಿವಿತ್ತು. ನಮ್ಮ ವಿಶ್ವವಿದ್ಯಾಲಯಗಳ ಸಂಶೋಧಕರು ಹಸ್ತಪ್ರತಿ ಭಂಡಾರಗಳಿಗೆ ಇನ್ನೂ ಬರಿಗೈಯಲ್ಲಿ ಹೋಗುತ್ತಿದ್ದಾರೆ ಎಂಬುದನ್ನು ಪ್ರಾಸಂಗಿಕವಾಗಿ ಹೇಳಿಬಿಡುತ್ತೇವೆ. ಇಂಗ್ಲೆಂಡಿನವರು ಮೊದಮೊದಲು ಅಂಗೋರಾ ಬೇರೆ, ಪರ್ಷಿಯನ್ ಬೇರೆ ಎಂದು ತಲೆಯ ಗಾತ್ರ, ಕಿವಿಯ ಚೂಪು, ಕೂದಲಿನ ನವಿರು ಅಳೆದು ವಾದಿಸಿದರು. 1903ರಲ್ಲಿ ಫ್ರಾನ್ಸಿಸ್ ಸಿಂಪ್ಸನ್ ಎಂಬಾಕೆ ತನ್ನ ಬೃಹತ್ ಮಾರ್ಜಾಲಗ್ರಂಥದಲ್ಲಿ, ಈ ಎರಡರ ವ್ಯತ್ಯಾಸ ಅಷ್ಟು ಸೂಕ್ಷ್ಮ, ಅಂಗೋರಾ ವರ್ಗವನ್ನು ನಾನು ಕೈಬಿಡುತ್ತೇನೆ, ಕ್ಷಮಿಸಿ ಎಂಬರ್ಥದಲ್ಲಿ ಬರೆದು ಮುಗಿಸಿಬಿಟ್ಟಳು. ಒಂದು ವಾಕ್ಯಕ್ಕೆ ಒಂದು ತಳಿ ಆಹುತಿ! ಅಂಕಾರಾದ ಮೃಗಾಲಯದವರು ಬಿಳಿಯ ಅಂಗೋರಾಗಳನ್ನು ಜೋಪಾನ ಮಾಡಿರದಿದ್ದರೆ 1960ರ ದಶಕದಲ್ಲಿ ಅಮೆರಿಕದವರಿಗೆ ತರಿಸಿಕೊಳ್ಳಲು ಒಂದೂ ಸಿಗುತ್ತಿರಲಿಲ್ಲವೇನೋ.

ಪೀಟರ್ ಸೈಮನ್ ಪಲ್ಲಾಸ್ ಎಂಬ ಜರ್ಮನ್ ಪಂಡಿತನ ವಾದ ಇನ್ನೊಂದು. ಮಧ್ಯ ಏಷ್ಯಾದ ಚಳಿಯಲ್ಲಿ ಬದುಕುವ ಮನುಲ್ ಎಂಬ ದಟ್ಟಗೂದಲಿನ ಕಾಡುಬೆಕ್ಕನ್ನು 1776ರಲ್ಲಿ ಲೋಕಕ್ಕೆ ಪರಿಚಯಿಸಿದವನು ಈತ. ಉದ್ದಗೂದಲಿನ ಮನೆಬೆಕ್ಕುಗಳೆಲ್ಲ ಇದರ ಸಂತಾನವಿರಬೇಕೆಂದ. ಕೂದಲು ಕೂದಲನ್ನು ಹೋಲಿತು ಅಷ್ಟೆ. ಮನೆಬೆಕ್ಕಿನ ಪಾಪೆ ಬಿಸಿಲಿಗೆ ಸೀಳುಗೆರೆಯಾಗುತ್ತದೆ, ಮನುಲ್‌ನದು ಗುಂಡಗೇ ಉಳಿಯುತ್ತದೆ. ವಂಶವಾಹಿಗಳೂ ಈ ನೆಂಟಸ್ತನವನ್ನು ಒಪ್ಪಲಿಲ್ಲ.

ಕೊನೆಗೆ ತೀರ್ಪು ಬಂದದ್ದು 2008ರಲ್ಲಿ. ಬೇರೆ ಬೇರೆ ತಳಿಗಳ ಮತ್ತು ನಾನಾ ದೇಶಗಳ ಬೀದಿ ಬೆಕ್ಕುಗಳ ಡಿಎನ್ಎ ಹೋಲಿಸಿ ನೋಡಿದಾಗ ಇಂದಿನ ಪರ್ಷಿಯನ್ ತಳಿ ಪಶ್ಚಿಮ ಏಷ್ಯಾದ ಬೆಕ್ಕುಗಳ ಗುಂಪಿಗೆ ಸೇರಲೇ ಇಲ್ಲ. ಹೋಗಿ ಕೂತಿದ್ದು ಪಶ್ಚಿಮ ಯೂರೋಪಿನ ಬೀದಿ ಬೆಕ್ಕುಗಳ ಪಂಕ್ತಿಯಲ್ಲಿ! ಹಿಂದೆ ಎಂದೋ ಪೂರ್ವದಿಂದ ನಾಲ್ಕು ಬೆಕ್ಕು ಬಂದಿರಬಹುದು. ಅವುಗಳ ಮಕ್ಕಳು, ಮರಿಮಕ್ಕಳು ಲಂಡನ್ನಿನ ಹಿತ್ತಲುಗಳಲ್ಲಿ ಬೀಗತನ ಬೆಳೆಸಿ ಪರ್ಷಿಯಾದ ರಕ್ತವನ್ನು ತೆಳ್ಳಗೆ ಮಾಡಿದವು. ಆದ್ದರಿಂದ ನಮ್ಮ ಸಿದ್ಧಾಂತ: ಪರ್ಷಿಯನ್ ಬೆಕ್ಕಿನ ದೇಶ ಎಂದರೆ ಕೊಳ್ಳುವವನು ಹೋಗಿ ನೋಡಿರದ ದೇಶ.

ಕಾಲದ ವಿಚಾರಕ್ಕೆ ಎರಡು ಮಾತು ಸಾಕು. ಬೆಕ್ಕುಗಳಿಗೆ ಆಸ್ಥಾನ ಸಿಕ್ಕಿದ್ದು 1871ರ ಜುಲೈ 13ರಂದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಹ್ಯಾರಿಸನ್ ವೇರ್ ಎಂಬ ಚಿತ್ರಕಾರ ಏರ್ಪಡಿಸಿದ ಪ್ರದರ್ಶನದಲ್ಲಿ. ತಳಿಯ ಆಶ್ರಯದಾತರ ಪಟ್ಟಿಯಲ್ಲಿ ನೀಲಿಬೂದು ಪರ್ಷಿಯನ್‌ಗಳನ್ನು ಸಾಕಿದ ವಿಕ್ಟೋರಿಯಾ ರಾಣಿಯ ಹೆಸರು ಬರುತ್ತದೆ. ಬಿರುದುಗಳಿಗೂ ಕೊರತೆಯಿಲ್ಲ: ಗೆಲ್ಲುವ ಬೆಕ್ಕು ಚಾಂಪಿಯನ್, ಇನ್ನೂ ಗೆದ್ದರೆ ಗ್ರ್ಯಾಂಡ್ ಚಾಂಪಿಯನ್. ಅಮೆರಿಕದಲ್ಲಿ ಸಂತಾನಶಕ್ತಿಹರಣ ಚಿಕಿತ್ಸೆಯಾದ ಬೆಕ್ಕಿಗೆ ಮಾತ್ರ ಬೇರೆ ಬಿರುದು, ಪ್ರೀಮಿಯರ್. ಕವಿಚಕ್ರವರ್ತಿಗಳಿಗೆ ಇಂಥ ಉಪವರ್ಗ ಇರಲಿಲ್ಲವೆಂಬುದು ನಮ್ಮ ಪರಂಪರೆಯ ಸೌಜನ್ಯ.

ಇನ್ನು ಗ್ರಂಥಪಾಠ. ಎಲ್ಲ ಬೆಕ್ಕಿನ ಮೈಯಲ್ಲೂ ಎಫ್‌ಜಿಎಫ್5 ಎಂಬ ಜೀನ್ ಇರುತ್ತದೆ. ಕೂದಲು ಒಂದಿಷ್ಟು ಬೆಳೆದ ಮೇಲೆ ‘ಸಾಕು, ನಿಲ್ಲು’ ಎನ್ನುವುದು ಅದರ ಕೆಲಸ. ಎಂದೋ ಒಂದು ಕಾಲದಲ್ಲಿ ಲಿಪಿಕಾರನ ಕೈ ತಪ್ಪಿ ಆ ಆಜ್ಞೆ ಕೆಟ್ಟಿತು. ಕೂದಲಿಗೆ ನಿಲ್ಲುವ ಹೊತ್ತು ತಿಳಿಯದಾಯಿತು. ಉದ್ದಗೂದಲಿಗೆ ಕಾರಣವಾಗುವ ಇಂಥ ನಾಲ್ಕು ಬೇರೆ ಬೇರೆ ತಪ್ಪುಗಳನ್ನು ವಿಜ್ಞಾನಿಗಳು 2007ರಲ್ಲಿ ಗುರುತಿಸಿದರು. ತಾಯಿಯ ಓಲೆ, ತಂದೆಯ ಓಲೆ ಎರಡರಲ್ಲೂ ತಪ್ಪಿದ್ದರೆ ಮಾತ್ರ ಮರಿಗೆ ಉದ್ದ ಕೂದಲು. ಒಂದು ಓಲೆ ಸರಿಯಿದ್ದರೂ ಮರಿ ಗಿಡ್ಡಗೂದಲಿನದು. ರಾಜಠೀವಿ, ಗಾಂಭೀರ್ಯ ಎಂದು ನಾವು ಕೊಂಡಾಡುವುದೆಲ್ಲ ಮೂಲದಲ್ಲಿ ಒಂದು ಪ್ರಮಾದಪಾಠ. ಇದರಲ್ಲಿ ಬೆಕ್ಕಿಗೇನೂ ಅವಮಾನವಿಲ್ಲ. ತಪ್ಪುಪಾಠವೇ ಸೊಗಸಾಗಿ ಕಂಡು ಪಂಡಿತರು ಅದಕ್ಕೇ ವ್ಯಾಖ್ಯಾನ ಬರೆದ ಪದ್ಯಗಳು ನಮ್ಮಲ್ಲೂ ಇವೆ.

ಕೂದಲು ಹೀಗೆ ತಾನಾಗಿ ಬಂದದ್ದು. ಮೂಗು ಹಾಗಲ್ಲ. ವೇರ್‌ನ ಕಾಲದ ಚಿತ್ರಗಳನ್ನು ನೋಡಿ: ಪರ್ಷಿಯನ್ ಬೆಕ್ಕಿಗೆ ಒಪ್ಪವಾದ, ಉಸಿರಾಡಬಲ್ಲ ಮೂಗಿದೆ. ಇಪ್ಪತ್ತನೆಯ ಶತಮಾನದ ಸಂಪಾದಕರು ಪ್ರತಿ ಮುದ್ರಣದಲ್ಲೂ ಅದನ್ನು ಒಂದಿಷ್ಟು ಕತ್ತರಿಸುತ್ತ ಬಂದು, ಕೊನೆಗೆ ಎರಡು ಕಣ್ಣುಗಳ ನಡುವೆ ಒಂದು ಗುಂಡಿ ಉಳಿಸಿದರು. ಇದು ಶುದ್ಧ ಪ್ರಕ್ಷಿಪ್ತ. ಅಮೆರಿಕದ ಕ್ಯಾಟ್ ಫ್ಯಾನ್ಸಿಯರ್ಸ್ ಅಸೋಸಿಯೇಷನ್ನಿನ ಲಕ್ಷಣಗ್ರಂಥದಲ್ಲಿ ನೂರು ಅಂಕಗಳಿಗೆ ತಲೆಗೇ 30. ಲೋಕವೆಲ್ಲ ಹೊಗಳುವ ಕೂದಲಿಗೆ 10. ಸ್ವಭಾವಕ್ಕೆ ಎಂದು ತೆಗೆದಿಟ್ಟ ಅಂಕ ಒಂದೂ ಇಲ್ಲ. ಅಂಕ ಎಲ್ಲಿದೆಯೋ ಅಲ್ಲಿಗೇ ಓದು, ಇದು ನಮ್ಮ ಪಿಯುಸಿ ಮಕ್ಕಳಿಗೂ ಗೊತ್ತು. ತಳಿಗಾರರು ಮುಖ ಚಪ್ಪಟೆ ಮಾಡಿದರು. ಮುಖದ ಎಲುಬು ಕುಗ್ಗಿದಾಗ ಕಣ್ಣೀರಿನ ನಾಳ ಸೊಟ್ಟಗಾಗಿ ನೀರು ಕೆನ್ನೆಗೆ ಇಳಿಯುತ್ತದೆ, ಹಲ್ಲುಗಳು ಇಕ್ಕಟ್ಟಿನಲ್ಲಿ ಅಡ್ಡಾದಿಡ್ಡಿ ಹುಟ್ಟುತ್ತವೆ, ಉಸಿರು ಗೊರಗೊರ ಅನ್ನುತ್ತದೆ, ಹೆರಿಗೆ ಕಷ್ಟವಾಗುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಇಂಥ ಬೆಕ್ಕು ಎಷ್ಟು ತೇಕಿದರೂ ಮೈ ತಣಿಯುವುದು ಕಷ್ಟ. ಬೆಕ್ಕುಪ್ರದರ್ಶನದ ಪಿತಾಮಹ ವೇರ್ ಸ್ವತಃ, ಜನಕ್ಕೆ ಬೆಕ್ಕಿಗಿಂತ ಬಹುಮಾನವೇ ಮುಖ್ಯವಾಗಿದೆಯೆಂದು ಬೇಸತ್ತು ಬೆಕ್ಕುಪ್ರಿಯರ ಕ್ಲಬ್ಬಿನಿಂದ ದೂರ ಸರಿದ. ಮುಂದೆ ಕತ್ತರಿಗೆ ಸಿಕ್ಕ ಮೂಗನ್ನು ಅವನು ನೋಡಲಿಲ್ಲ.

ಇನ್ನೊಂದು ಲಿಪಿದೋಷ ಕೂದಲಿನಷ್ಟು ಚೆಂದದ್ದಲ್ಲ. ಪಿಕೆಡಿ1 ಎಂಬ ಜೀನಿನಲ್ಲಿ ಒಂದೇ ಅಕ್ಷರ ಬದಲಾಗಿ, ವಾಕ್ಯದ ನಡುವೆಯೇ ಪೂರ್ಣವಿರಾಮ ಬಿದ್ದುಬಿಟ್ಟಿದೆ. ಅದರಿಂದ ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ಹುಟ್ಟಿ ವರ್ಷವರ್ಷಕ್ಕೂ ದೊಡ್ಡದಾಗುತ್ತವೆ. ಇದಕ್ಕೆ ಒಂದು ಓಲೆ ಕೆಟ್ಟಿದ್ದರೆ ಸಾಕು. ಒಂದು ಕಾಲಕ್ಕೆ ಮೂರು ಪರ್ಷಿಯನ್‌ಗಳಲ್ಲಿ ಒಂದಕ್ಕಾದರೂ ಈ ತೊಂದರೆ ಇತ್ತು. 2004ರಲ್ಲಿ ದೋಷ ಪತ್ತೆಯಾದ ಮೇಲೆ ಬಾಯಿಯ ಒಳಗಿನ ಎಂಜಲು ಪರೀಕ್ಷಿಸಿಯೇ ಹೇಳಬಹುದಾಗಿದೆ. ಮರಿ ಕೊಳ್ಳುವವರು ವಂಶವೃಕ್ಷದ ಸರ್ಟಿಫಿಕೇಟು ಕೇಳುತ್ತಾರೆ, ಈ ಪರೀಕ್ಷೆಯ ಚೀಟಿ ಕೇಳುವುದಿಲ್ಲ.

ಮತವಿಚಾರ ಅತ್ಯಂತ ನಾಜೂಕಿನದು. ಗ್ರಂಥದ ಮೊದಲ ಪದ್ಯದಲ್ಲಿ ಯಾರಿಗೆ ನಮಸ್ಕಾರ ಸಂದಿದೆ ಎಂಬುದರ ಮೇಲೆ ಕವಿಯ ಮತ ಹೇಳುವುದು ರೂಢಿ. ಎದುರುಮನೆಯ ಪರ್ಷಿಯನ್ ಚಿನ್ನುವನ್ನು ನಾವು ಈ ದೃಷ್ಟಿಯಿಂದ ಗಮನಿಸಿದೆವು. ಬೆಳಗಿನ ಅದರ ಮೊದಲ ಕೂಗು ಫ್ರಿಜ್ಜಿನ ಕಡೆ ಮುಖಮಾಡಿರುತ್ತದೆ. ದೇವತೆ ಯಾರೆಂಬುದು ಇದರಿಂದ ಸ್ಪಷ್ಟ. ಪಂಥ ಯಾವುದೆಂಬುದೇ ಸಮಸ್ಯೆ. ಶ್ರೀವೈಷ್ಣವರಲ್ಲಿ ಮರ್ಕಟಕಿಶೋರ, ಮಾರ್ಜಾಲಕಿಶೋರ ಎಂಬ ಎರಡು ನ್ಯಾಯಗಳಿವೆ. ಕೋತಿಮರಿ ತಾಯಿಯನ್ನು ತಾನೇ ತಬ್ಬಿ ಹಿಡಿಯುತ್ತದೆ. ಬೆಕ್ಕಿನ ಮರಿ ಏನೂ ಮಾಡದೆ ಬಿದ್ದಿರುತ್ತದೆ, ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಶರಣಾದವನು ಹಾಗಿರಬೇಕು ಎನ್ನುತ್ತಾರೆ ತೆಂಗಲೆ ಪಂಗಡದವರು. ಮೇಲುಕೋಟೆಯಲ್ಲಿ ಶತಮಾನಗಳ ಕಾಲ ಚರ್ಚೆಯಾದ ಈ ನ್ಯಾಯಕ್ಕೆ ಪರ್ಷಿಯನ್ ಬೆಕ್ಕು ಹೊಸ ತಿದ್ದುಪಡಿ ತಂದಿದೆ: ಮರಿತನ ಮುಗಿದ ಮೇಲೂ ಏನೂ ಮಾಡಬೇಕಾಗಿಲ್ಲ. ಎತ್ತರಕ್ಕೆ ಹಾರುವ ಚಪಲವಿಲ್ಲ, ದನಿ ಮೆಲ್ಲಗೆ, ಹಗಲಿನ ಬಹುಭಾಗ ಯೋಗನಿದ್ರೆ. ಇಲಿ ಬಂದರೆ ಕಣ್ಣು ಅರ್ಧ ತೆರೆದು ಅತಿಥಿಯೆಂದು ಒಪ್ಪಿಕೊಳ್ಳುತ್ತದೆ. ದಿನಾ ಬಾಚಬೇಕು, ಒಂದೆರಡು ದಿನ ಬಿಟ್ಟರೆ ಕಂಕುಳಲ್ಲಿ, ಹೊಟ್ಟೆಯಡಿ ಕೂದಲು ಜಡೆಗಟ್ಟುತ್ತದೆ; ಬೆಕ್ಕಿಗೆ ಚೆಲ್ಲಾಟ, ಬಾಚಣಿಗೆಗೆ ಪ್ರಾಣಸಂಕಟ. ಚಪ್ಪಟೆ ಮುಖಕ್ಕೆ ಆಳದ ಬಟ್ಟಲು ಎಟಕದು, ತಟ್ಟೆಯೇ ಆಗಬೇಕು. “ಏಳಪ್ಪಾ ಚಿನ್ನು, ಕಣ್ಣೊರೆಸಿಬಿಡ್ತೀನಿ, ಆಮೇಲೆ ಮಲಕ್ಕೊಳ್ಳೋವಂತೆ” ಎಂದು ಆ ಮನೆಯ ಅಜ್ಜಿ ಹತ್ತಿಯುಂಡೆ ಹಿಡಿದು ನೆಲದ ಮೇಲೆ ಕೂತು ಬೇಡಿಕೊಳ್ಳುತ್ತಿದ್ದರು. ತಮ್ಮ ಯಜಮಾನರನ್ನು ಅವರು ಹಾಗೆ ಕರೆದದ್ದನ್ನು ನಾವು ಕೇಳಿಲ್ಲ. ಈ ಪ್ರಪತ್ತಿಯಲ್ಲಿ ಶರಣಾದವರು ಯಾರು, ರಕ್ಷಿಸುವವರು ಯಾರು ಎಂಬುದನ್ನು ಬಲ್ಲವರು ತೀರ್ಮಾನಿಸಲಿ.

ಕ್ಷೇತ್ರಕಾರ್ಯವಿಲ್ಲದ ಸಂಶೋಧನೆಗೆ ಈಗ ಬೆಲೆಯಿಲ್ಲವಾದ್ದರಿಂದ ಶಿವಾಜಿನಗರದ ಒಂದು ಅಂಗಡಿಗೂ ಹೋಗಿ ಬಂದೆವು. ಬೆಂಗಳೂರಿನ ಮಾರಾಟಗಾರರು ಪಾಠಾಂತರಗಳನ್ನು ನಮ್ಮ ಪಂಡಿತರಿಗಿಂತ ಚುಟುಕಾಗಿ ವಿಂಗಡಿಸಿದ್ದಾರೆ: ಮೂಗಿದ್ದರೆ ಡಾಲ್ ಫೇಸ್, ಅರ್ಧ ಇದ್ದರೆ ಸೆಮಿ ಪಂಚ್, ಇಲ್ಲದಿದ್ದರೆ ಪಂಚ್ ಫೇಸ್. ಮೂಗು ಕಡಿಮೆಯಾದಷ್ಟೂ ದುಡ್ಡು ಹೆಚ್ಚು. ಮೂಲೆಯ ಪಂಜರದಲ್ಲಿ ಮುಖ, ಕಿವಿ, ಪಾದ, ಬಾಲಗಳಷ್ಟೇ ಕಪ್ಪಾಗಿದ್ದ ನೀಲಿಗಣ್ಣಿನದೊಂದು ಕೂತಿತ್ತು. “ಇದು ಹಿಮಾಲಯನ್ ಸಾರ್. ಪ್ಯೂರ್. ಅಲ್ಲಿ ಮಂಜು ಬೀಳತ್ತಲ್ಲ, ಅದಕ್ಕೇ ಇಷ್ಟು ಕೂದ್ಲು,” ಎಂದ ಅಂಗಡಿಯ ಹುಡುಗ.

ವಿದ್ವತ್ತು ಸುಮ್ಮನಿರಲಿಲ್ಲ. ಇದು ಹಿಮಾಲಯ ಕಂಡ ಬೆಕ್ಕಲ್ಲ ಎಂದೆವು. 1930ರ ದಶಕದಲ್ಲಿ ಬಾಸ್ಟನ್ನಿನಲ್ಲಿ, ಹಾರ್ವರ್ಡ್ ವೈದ್ಯಕೀಯ ಶಾಲೆಯ ಕ್ಲೈಡ್ ಕೀಲರ್ ಮತ್ತು ವರ್ಜೀನಿಯಾ ಕಾಬ್ ಸೇರಿ ಸಯಾಮೀಸ್‌ಗೂ ಪರ್ಷಿಯನ್‌ಗೂ ಗಂಟು ಹಾಕಿ ಹುಟ್ಟಿಸಿದ ವಂಶ ಇದು. ಇದೇ ಬಣ್ಣದ ಮೊಲಕ್ಕೆ ಹಿಮಾಲಯನ್ ಎಂಬ ಹೆಸರಿತ್ತು, ಅದನ್ನೇ ಇದಕ್ಕೂ ಇಟ್ಟರು. ಮೈ ತಣ್ಣಗಿರುವ ಕಡೆ ಮಾತ್ರ ಬಣ್ಣ ಏಳುವುದರಿಂದ ತುದಿಗಳು ಕಪ್ಪು. 1957ರಲ್ಲಿ ಪ್ರತ್ಯೇಕ ತಳಿಯ ಮಾನ್ಯತೆ, 1984ರಲ್ಲಿ ಮತ್ತೆ ಪರ್ಷಿಯನ್ ಮನೆತನಕ್ಕೇ ವಿಲೀನ. ಹುಡುಗ ಕೈಯಲ್ಲಿದ್ದ ಚಹಾ ಆರುವಷ್ಟು ಹೊತ್ತು ಶ್ರದ್ಧೆಯಿಂದ ಕೇಳಿದ. ಆಮೇಲೆ ಪಂಜರಕ್ಕೆ ಅಂಟಿಸಿದ್ದ ರಟ್ಟಿನ ಚೀಟಿ ಕಿತ್ತು, ಕಿವಿಗೆ ಸಿಕ್ಕಿಸಿದ್ದ ಪೆನ್ನು ತೆಗೆದು ಕೇಳಿದ:

“ಬಾಸ್ಟನ್ ಅಮೆರಿಕದಲ್ಲೇ ಇರೋದಲ್ವಾ ಸಾರ್? ಇಂಪೋರ್ಟೆಡ್ ಅಂತ ಬರೀತೀನಿ. ಐದು ಸಾವಿರ ಜಾಸ್ತಿ ಹೇಳ್ಬೋದು.”