ಮುಚ್ಚಳವಿಲ್ಲದ ಜಾರು

ಮಜ್ಜಿಗೆಯನ್ನು ಉಪ್ಪಿನಕಾಯಿ ಬಾಟಲಿಗೆ ಸುರಿದು ತಂದಿಟ್ಟು, ಅದಕ್ಕೆ ಇನ್ನೂರು ಚಿಲ್ಲರೆ ರೂಪಾಯಿ ಬಿಲ್ ಹಾಕುವ ಧೈರ್ಯ ನಮ್ಮ ಹೋಟೆಲಿನವರಿಗೆ ಹಿಂದೆ ಇರಲಿಲ್ಲ. ಇದ್ದದ್ದು ಬೇರೆ ಧೈರ್ಯ. ದರ್ಶಿನಿಗಳು ಬರುವ ಮುಂಚಿನ ಹೋಟೆಲುಗಳಲ್ಲಿ ಮಾಣಿ ಒಂದೇ ಕೈಯಲ್ಲಿ ಐದು ಲೋಟ ನೀರು ಹಿಡಿದು, ಪ್ರತಿ ಲೋಟದೊಳಗೂ ಒಂದೊಂದು ಬೆರಳು ಅದ್ದಿಕೊಂಡು ಬಂದು ಟಪ್ಪೆಂದು ಕುಕ್ಕುತ್ತಿದ್ದ. ನಾವು ಗೊಣಗುತ್ತಿದ್ದದ್ದು ಬೆರಳಿನ ಬಗ್ಗೆ. ಲೋಟದ ಬಗ್ಗೆ ಯಾರೂ ಚಕಾರ ಎತ್ತಿದ್ದು ನನಗೆ ನೆನಪಿಲ್ಲ. ಕಾಫಿಗೆ ಲೋಟ-ಬಟ್ಟಲು, ದೋಸೆಗೆ ತಟ್ಟೆ, ಊಟಕ್ಕೆ ಎಲೆ. ಯಾವುದು ಯಾವುದರಲ್ಲಿ ಬರಬೇಕೆಂಬುದು ನಾವು ಹುಟ್ಟುವ ಮೊದಲೇ ಇತ್ಯರ್ಥವಾಗಿ ಹೋಗಿತ್ತು.

ಇಂದಿರಾನಗರ, ಕೋರಮಂಗಲದ ಕೆಫೆಗಳಲ್ಲಿ ಆ ಇತ್ಯರ್ಥ ರದ್ದಾಗಿ ಬಹಳ ಕಾಲವಾಯಿತು. ನಿಂಬೆ ಪಾನಕ ಜಾರಿನಲ್ಲಿ, ಕೋಲ್ಡ್ ಕಾಫಿ ಜಾರಿನಲ್ಲಿ, ಕೇಕು ಜಾರಿನಲ್ಲಿ, ರಾತ್ರಿಯಿಡೀ ಹಾಲಿನಲ್ಲಿ ನೆನೆದು ಬೆಳಿಗ್ಗೆ ಗಂಜಿಯಾಗಿ ಎದ್ದ ಓಟ್ಸೂ ಜಾರಿನಲ್ಲಿ. ಒಂದು ಕಡೆ ಬಿರಿಯಾನಿಯನ್ನೂ ಜಾರಿನಲ್ಲಿ ಕಂಡಿದ್ದೇನೆ. ತಳದಲ್ಲಿ ಸಿಕ್ಕಿಬಿದ್ದ ಮೊಟ್ಟೆ ಗಾಜಿಗೆ ಕೆನ್ನೆಯೊತ್ತಿಕೊಂಡು ಹೊರಗಿನ ಪ್ರಪಂಚವನ್ನು ನೋಡುತ್ತಿತ್ತು.

ತಂಗಿಯ ಮಗಳು ಕರೆದಳೆಂದು ಅಂಥ ಒಂದು ಕೆಫೆಗೆ ಹೋಗಿದ್ದೆ. ಮೆನುವಿನಲ್ಲಿ ನನಗೆ ಮುಖಪರಿಚಯವಿದ್ದ ಒಂದೇ ಪದಾರ್ಥ ಮಸಾಲೆ ಮಜ್ಜಿಗೆ. ಅದು ಬಂತು ನೋಡಿ! ದಪ್ಪ ಗಾಜಿನ ಜಾರು, ಅದರ ಕತ್ತಿಗೆ ಸೆಣಬಿನ ದಾರ, ದಾರಕ್ಕೆ ಸಿಕ್ಕಿಸಿದ ಪುದೀನ ಕಡ್ಡಿ. ಹೆಣ್ಣು ನೋಡುವ ಶಾಸ್ತ್ರಕ್ಕೆ ಕರೆತಂದು ಕೂರಿಸಿದ ಹಾಗಿತ್ತು. ಒಳಗೊಂದು ಕಾಗದದ ಕೊಳವೆ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾ ದೇಶದಲ್ಲೇ ನಿಷೇಧವಾದ ಮೇಲೆ ಬಂದ ಈ ಕಾಗದದ ಕೊಳವೆಯ ಆಯಸ್ಸು ನಾಲ್ಕು ಗುಟುಕು. ಐದನೆಯದಕ್ಕೆ ಅದು ಮೆತ್ತಗಾಗಿ, ಬಾಯಿಗೆ ಮಜ್ಜಿಗೆ ಬರುವುದು ನಿಂತು ಕಾಗದವೇ ಬರತೊಡಗುತ್ತದೆ.

ಕೊಳವೆಯನ್ನು ಪಕ್ಕಕ್ಕಿಟ್ಟೆ. ಎತ್ತಿ ಕುಡಿಯುವ ಮನೆಯಲ್ಲಿ ಬೆಳೆದವನು ನಾನು. ತುಟಿ ತಾಗಿಸಿದರೆ ಎಂಜಲು, ಎಂಜಲಾದರೆ ಅಜ್ಜಿಯ ಬೈಗುಳ. ಆ ಅಭ್ಯಾಸಬಲದಿಂದ ಜಾರನ್ನು ಎತ್ತಿ, ಕತ್ತು ಹಿಂದಕ್ಕೆ ಬಾಗಿಸಿ ಸುರಿದುಕೊಂಡೆ. ಲೋಟದ ಅಂಚು ಹೊರಕ್ಕೆ ಬಾಗಿರುವುದು ಸುಮ್ಮನೆ ಅಲ್ಲ. ಸುರಿದದ್ದು ಧಾರೆಯಾಗಿ ಕಡಿದುಕೊಂಡು ನೇರ ಬಾಯಿಗೆ ಬೀಳಲಿ ಎಂದು. ಜಾರಿನ ಬಾಯಿ ಹಾಗಿಲ್ಲ. ಅದರ ಹೊರಮೈಯಲ್ಲಿ ಸ್ಕ್ರೂವಿನ ಹಾಗೆ ಸುತ್ತು ಹೊಡೆಯುವ ಉಬ್ಬುಗೆರೆ ಇದೆ. ಮಜ್ಜಿಗೆ ಅಂಚು ದಾಟಿದ್ದೇ ಆ ಗೆರೆಯನ್ನು ಹಿಡಿದು, ಜಾರಿಗೆ ಒಂದು ಪ್ರದಕ್ಷಿಣೆ ಬಂದು, ನನ್ನ ಗದ್ದದ ಮೇಲಿಳಿದು, ಅಲ್ಲಿಂದ ಮುಂಗೈ ಹಿಡಿದು ಮೊಣಕೈಗೆ ಹೋಯಿತು. ಬಾಯಿಗೆ ಬಂದದ್ದು ಒಂದು ಕರಿಬೇವಿನ ಎಲೆ ಮಾತ್ರ. ತಂಗಿಯ ಮಗಳು ಆ ಹೊತ್ತಿಗೆ ಸರಿಯಾಗಿ ಫೋಟೊ ತೆಗೆದಳು. ಅವಳ ಪ್ರಕಾರ ಜಾರು ಇರುವುದೇ ಅದಕ್ಕಂತೆ.

ಆದರೆ ಆ ಉಬ್ಬುಗೆರೆ ಸಾಮಾನ್ಯದ್ದಲ್ಲ. ಅದಕ್ಕೆ ಪೇಟೆಂಟ್ ಇತ್ತು: ಅಮೆರಿಕದ ಪೇಟೆಂಟ್ ಸಂಖ್ಯೆ 22,186, ತಾರೀಖು 1858ರ ನವೆಂಬರ್ 30. ಪಡೆದವನು ಜಾನ್ ಲ್ಯಾಂಡಿಸ್ ಮೇಸನ್ ಎಂಬ ತಗಡಿನ ಕೆಲಸದವನು, ಆಗ ಅವನಿಗೆ ಇಪ್ಪತ್ತಾರು ವರ್ಷ. ಅವನಿಗಿಂತ ಮುಂಚೆ ಹಣ್ಣು-ತರಕಾರಿಯನ್ನು ಬಾಟಲಿಗೆ ತುಂಬಿ ಕೆಡದಂತೆ ಇಡುವ ವಿದ್ಯೆ ಇರಲಿಲ್ಲವೆಂದಲ್ಲ. ಫ್ರಾನ್ಸಿನ ಮಿಠಾಯಿಗಾರ ನಿಕೊಲಾ ಅಪೇರ್ ಬಾಟಲಿಗೆ ಆಹಾರ ತುಂಬಿ, ಬಿರಡೆ ಜಡಿದು, ಕುದಿಯುವ ನೀರಿನಲ್ಲಿಟ್ಟು ತೆಗೆದರೆ ತಿಂಗಳುಗಟ್ಟಲೆ ಕೆಡುವುದಿಲ್ಲವೆಂದು ತೋರಿಸಿ, ನೆಪೋಲಿಯನ್ ಕಾಲದ ಸರಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದಿದ್ದ. ಯಾಕೆ ಕೆಡುವುದಿಲ್ಲ ಎಂಬುದು ಅವನಿಗೂ ಗೊತ್ತಿರಲಿಲ್ಲ, ಬಹುಮಾನ ಕೊಟ್ಟವರಿಗೂ ಗೊತ್ತಿರಲಿಲ್ಲ. ಕಾರಣ ಹೇಳಲು ಲೂಯಿ ಪಾಶ್ಚರ್ ಬರಬೇಕಾಯಿತು, ಅರ್ಧ ಶತಮಾನ ಕಳೆದು. ಹೀಗಾಗಿ ತೊಂದರೆ ಇದ್ದದ್ದು ವಿದ್ಯೆಯಲ್ಲಲ್ಲ, ಮುಚ್ಚಳದಲ್ಲಿ. ಬಿರಡೆ, ಮೇಣ, ಅರಗು ಎಂದು ಒದ್ದಾಡುತ್ತಿದ್ದವರಿಗೆ ಮೇಸನ್ ಗಾಜಿನ ಕತ್ತಿನ ಮೇಲೇ ಸ್ಕ್ರೂ ಗೆರೆ ಮೂಡಿಸಿ, ಮೇಲೊಂದು ಸತುವಿನ ಮುಚ್ಚಳ ತಿರುಗಿಸಿ ಬಿಗಿ ಮಾಡುವ ಉಪಾಯ ಕೊಟ್ಟ. ಯಾವ ಗೃಹಿಣಿ ಬೇಕಾದರೂ ಕೈಯಲ್ಲೇ ಮುಚ್ಚಬಹುದು, ಕೈಯಲ್ಲೇ ತೆಗೆಯಬಹುದು, ಬರುವ ವರ್ಷ ಮತ್ತೆ ಬಳಸಬಹುದು.

ಅಂದರೆ ಮೇಸನ್ ಕಂಡುಹಿಡಿದದ್ದು ಜಾರನ್ನಲ್ಲ, ಮುಚ್ಚುವುದನ್ನು. ನಮ್ಮ ಕೆಫೆಯವರು ಮೊದಲು ಮಾಡುವ ಕೆಲಸವೆಂದರೆ ಮುಚ್ಚಳ ತೆಗೆದು ಎಸೆಯುವುದು. ಉಳಿದ ಗೆರೆ ನನ್ನ ಮೊಣಕೈಗೆ ಕಾಲುವೆ ತೋಡುತ್ತದೆ.

ಮೇಸನ್ನನಿಗೆ ಇದರಿಂದ ದೊಡ್ಡ ಲಾಭವೇನೂ ಆಗಲಿಲ್ಲ ಪಾಪ. ಜಾರಿನ ಮೇಲಿನ ಇನ್ನೊಂದು ಪೇಟೆಂಟನ್ನು ಅವನು ಪಡೆದದ್ದು 1870ರಲ್ಲಿ. ಅಷ್ಟೊತ್ತಿಗೆ ಊರೆಲ್ಲ ಅದೇ ಜಾರು ಮಾಡುತ್ತಿತ್ತು. ವ್ಯಾಜ್ಯ 1876ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಪೇಟೆಂಟಿಗೆ ಅರ್ಜಿ ಹಾಕುವ ಎಷ್ಟೋ ವರ್ಷ ಮೊದಲೇ ಜಾರುಗಳನ್ನು ಮಾರಿದ್ದಾನೆ ಎಂಬ ಕಾರಣಕ್ಕೆ ಬಿದ್ದುಹೋಯಿತು. 1902ರಲ್ಲಿ ಆತ ಬಡತನದಲ್ಲೇ ತೀರಿಕೊಂಡ. ಅವನ ಹೆಸರು ಮತ್ತು 1858ರ ಆ ತಾರೀಖು ಮಾತ್ರ ಬೇರೆಯವರ ಕಾರ್ಖಾನೆಗಳ ಜಾರುಗಳ ಮೇಲೆ ಉಬ್ಬಕ್ಷರದಲ್ಲಿ ಇನ್ನೂ ಬಹುಕಾಲ ಬರುತ್ತಲೇ ಇದ್ದವು.

ದುಡ್ಡು ಮಾಡಿದವರು ಬಾಲ್ ಎಂಬ ಮನೆತನದ ಐವರು ಅಣ್ಣತಮ್ಮಂದಿರು. ಬಫಲೋದಲ್ಲಿ ಅವರ ಕಾರ್ಖಾನೆ ಸುಟ್ಟುಹೋದಾಗ, ಇಂಡಿಯಾನಾದ ಮನ್ಸಿ ಎಂಬ ಊರಿನವರು ಜಾಗವನ್ನೂ ನೆಲದಡಿಯ ಅನಿಲವನ್ನೂ ಪುಕ್ಕಟೆ ಕೊಡುತ್ತೇವೆ ಬನ್ನಿ ಎಂದು 1887ರಲ್ಲಿ ಕರೆಸಿಕೊಂಡರು. ಗಾಜಿಗೆ ಮರಳು ಬೇಕಲ್ಲ? ಮಿಷಿಗನ್ ಸರೋವರದ ದಂಡೆಯಲ್ಲಿ ಹೂಸಿಯರ್ ಸ್ಲೈಡ್ ಎಂಬ ಸುಮಾರು 200 ಅಡಿ ಎತ್ತರದ ಮರಳುಗುಡ್ಡವಿತ್ತು. ಪ್ರವಾಸಿಗರು ಹತ್ತಿ ಜಾರಿ ಸಂತೋಷಪಡುತ್ತಿದ್ದ ಜಾಗ. ಬಾಲ್ ಸೋದರರು, ಇತರ ಗಾಜಿನವರು ಎಲ್ಲ ಸೇರಿ ರೈಲು ರೈಲು ಮರಳು ಹೊತ್ತು, 1920ರ ಹೊತ್ತಿಗೆ ಗುಡ್ಡವೇ ನೆಲಸಮ. ಈಗ ಅಲ್ಲಿ ವಿದ್ಯುತ್ ಸ್ಥಾವರವಿದೆ. ಹಳೇ ಬಾಲ್ ಜಾರುಗಳ ಆ ಚೆಂದದ ತಿಳಿನೀಲಿಯನ್ನು ಹರಾಜಿನಲ್ಲಿ ಕೊಳ್ಳುವವರು ಒಂದು ಬೆಟ್ಟದ ಚೂರನ್ನೇ ಮನೆಗೆ ಒಯ್ಯುತ್ತಾರೆ. ತಮಾಷೆಯೆಂದರೆ ಆ ಕಂಪನಿ 1993ರಲ್ಲಿ ಜಾರಿನ ವ್ಯಾಪಾರವನ್ನೇ ಬಿಟ್ಟುಬಿಟ್ಟಿತು. ಹೆಸರು ಮಾತ್ರ ಇನ್ನೊಬ್ಬರ ಕೈಯಲ್ಲಿ ಜಾರಿನ ಮೇಲೆ ಉಳಿದಿದೆ. ಬಾಲ್ ಕಂಪನಿಯ ಬಾಹ್ಯಾಕಾಶ ವಿಭಾಗ 2021ರಲ್ಲಿ ಹಾರಿದ ಜೇಮ್ಸ್ ವೆಬ್ ದೂರದರ್ಶಕದ ಕನ್ನಡಿಗಳ ಕೆಲಸ ಮಾಡಿತು. ಜಾರು ಮಾಡುತ್ತಿದ್ದವರು ನಕ್ಷತ್ರ ನೋಡಲು ಹೋದರು. ಅವರು ಬಿಟ್ಟುಹೋದ ಜಾರನ್ನು ಹೋಟೆಲಿನವರು ಎತ್ತಿಕೊಂಡರು.

ಅಮೆರಿಕದವರು ಜಾರಿನಲ್ಲಿ ಕುಡಿದರೆ ನಾನು ಒಪ್ಪುತ್ತೇನೆ. ಅವರಿಗೆ ಅದರ ಹಿಂದೆ ಒಬ್ಬ ಅಜ್ಜಿ ಇದ್ದಾಳೆ. ಬೇಸಿಗೆಯ ಕೊನೆಗೆ ಟೊಮೆಟೊ, ಪೀಚ್ ಹಣ್ಣುಗಳನ್ನು ಜಾರಿಗೆ ತುಂಬಿ, ಹಂಡೆಯಲ್ಲಿ ಕುದಿಸಿ ಸಾಲಾಗಿ ಇಡುತ್ತಿದ್ದಳು. ಜಾರು ಆರುತ್ತಾ ಒಳಗಿನ ಆವಿ ಇಳಿದು, ಮುಚ್ಚಳ ಒಳಕ್ಕೆ ಸೆಳೆದುಕೊಂಡು ಟಕ್ ಎನ್ನುತ್ತದೆ. ಎಷ್ಟು ಟಕ್ ಆಯಿತೆಂದು ಅವಳು ಎಣಿಸುತ್ತಿದ್ದಳು. ಎರಡನೇ ಮಹಾಯುದ್ಧದಲ್ಲಿ ಸಕ್ಕರೆಗೆ ರೇಷನ್ ಇದ್ದಾಗಲೂ ಹಣ್ಣು ತುಂಬಿಡುವವರಿಗೆ ಸರಕಾರ ಹೆಚ್ಚಿನ ಸಕ್ಕರೆ ಕೊಡುತ್ತಿತ್ತು. ಅಜ್ಜಿ ಹಾಗಿರಲಿ, ಅಜ್ಜನಿಗೂ ಒಂದು ನೆನಪಿದೆ. ಪಾನನಿಷೇಧವಿದ್ದ 1920ರಿಂದ 1933ರವರೆಗೆ ಬೆಟ್ಟದ ಸಂದಿಯಲ್ಲಿ ಕಾಯಿಸಿದ ಕಳ್ಳಭಟ್ಟಿ ಊರಿಗಿಳಿದದ್ದು ಇದೇ ಜಾರುಗಳಲ್ಲಿ. ಕುಲುಕಿ ಗುಳ್ಳೆ ನೋಡಿದರೆ ಸಾಕು, ಮಾಲು ಎಷ್ಟು ಖಡಕ್ ಎಂದು ತಿಳಿಯುತ್ತಿತ್ತು.

ನಮಗೇನಿದೆ? ನಮ್ಮಜ್ಜಿ ಕಂಡೇ ಇರದ ಜಾರನ್ನು ನೋಡಿ ನಾವು ನಾಸ್ಟಾಲ್ಜಿಯಾ ಪಡುತ್ತಿದ್ದೇವೆ. ಬಟ್ಟೆ, ಸಿನಿಮಾ ಎರವಲು ತರುವುದು ಇದ್ದದ್ದೇ. ಅಜ್ಜಿಯ ನೆನಪನ್ನೂ ಎರವಲು ತರುವುದು ಸ್ವಲ್ಪ ಅತಿಯಾಯಿತು. ಅದೂ ಸಾಗರದ ನನ್ನಜ್ಜಿಯ ಹತ್ತಿರ ಸಾಕ್ಷಾತ್ ಭರಣಿಗಳೇ ಇರುವಾಗ!

ಹೊಟ್ಟೆ ಕೆನೆಬಣ್ಣ, ಹೆಗಲು ಕಂದು, ಒಳಗೆ ಅಪ್ಪೆಮಿಡಿ. ತೊಟ್ಟು ಮುರಿಯದ ಮಿಡಿಯನ್ನು ಕಲ್ಲುಪ್ಪಿನ ಜೊತೆ ಪದರ ಪದರವಾಗಿ ತುಂಬಿ, ಅದು ಸುಕ್ಕುಗಟ್ಟುವವರೆಗೆ ಕಾದು, ಬಿಟ್ಟ ನೀರನ್ನು ಕುದಿಸಿ ಆರಿಸಿ ಸಾಸಿವೆ, ಮೆಣಸಿನ ಖಾರ ಕಲಸಿ, ಭರಣಿಯ ಬಾಯಿಗೆ ಬಿಳಿ ಬಟ್ಟೆ ಬಿಗಿದಳೆಂದರೆ ಆಮೇಲೆ ಆ ಕೋಣೆಗೆ ನಮಗೆ ಪ್ರವೇಶವಿಲ್ಲ. ಒದ್ದೆ ಕೈ ನಿಷಿದ್ಧ, ಒದ್ದೆ ಸೌಟು ಮಹಾಪಾಪ. ಪಾಶ್ಚರ್ ಹೆಸರು ಕೇಳದೆಯೂ ಆಕೆ ಕ್ರಿಮಿಗಳ ವಿಷಯದಲ್ಲಿ ಪಾಶ್ಚರನಿಗಿಂತ ಕಟ್ಟುನಿಟ್ಟು. ಇಂಥ ಭರಣಿಗೆ ಯಾರಾದರೂ ಕೊಳವೆ ಹಾಕಿ ಪಾನಕ ಹೀರುತ್ತೇನೆ ಎಂದಿದ್ದರೆ ಆಕೆ ಊರಿನ ಮಂತ್ರವಾದಿಯನ್ನು ಕರೆಸುತ್ತಿದ್ದಳು. ಪೇಟೆಯ ಮನೆಗಳಲ್ಲಿ ಭರಣಿಯ ಜಾಗಕ್ಕೆ ಬಂದದ್ದು ಹಾರ್ಲಿಕ್ಸ್ ಬಾಟಲಿ. ಹಾರ್ಲಿಕ್ಸ್ ಮಕ್ಕಳಿಗೆ, ಬಾಟಲಿ ಅಮ್ಮನಿಗೆ. ಖಾಲಿಯಾದ ಕೂಡಲೇ ತೊಳೆದು ಬಿಸಿಲಿಗಿಟ್ಟು ಸಾರಿನ ಪುಡಿ ತುಂಬುತ್ತಿದ್ದರು. ಅದರಲ್ಲಿ ಅತಿಥಿಗೆ ನೀರು ಕೊಟ್ಟಿದ್ದರೆ ಸಂಬಂಧ ಮುರಿಯುತ್ತಿತ್ತು.

ಕುಡಿಯುವುದನ್ನಾದರೂ ಹೇಗೋ ಸಹಿಸಬಹುದು, ಅರ್ಧ ಐಸೇ ಆದರೂ. ಜಾರಿನಲ್ಲಿ ಊಟ ಕೊಡುವುದಿದೆಯಲ್ಲ, ಅದು ನಮ್ಮ ಕೈಗೇ ಅವಮಾನ. ಬಿಸಿಬೇಳೆಬಾತಿಗೆ ತುಪ್ಪ ಬಿಟ್ಟು, ಬೂಂದಿ ಹಾಕಿ, ತಟ್ಟೆಯ ಅಂಚಿನಿಂದ ನಡುವಿಗೆ ತಂದು ಕಲಸಬೇಕು. ಜಾರಿನಲ್ಲಿ ಕಲಸಲು ಜಾಗವೆಲ್ಲಿದೆ? ಮೇಲೆ ಬೂಂದಿ ಒಂದು ಅಂತಸ್ತು, ನಡುವೆ ಬಾತ್ ಒಂದು ಅಂತಸ್ತು, ತುಪ್ಪ ಲಿಫ್ಟಿಲ್ಲದೆ ನೆಲಮಹಡಿಯಲ್ಲಿ. ಚಮಚ ಕತ್ತಿನಲ್ಲಿ ಇಳಿಯುತ್ತದೆ, ಹೆಗಲ ಸಂದಿಗೆ ತಿರುಗುವುದಿಲ್ಲ. ಅಲ್ಲಿ ಸೇರಿಕೊಂಡ ಬಟಾಣಿಯನ್ನು ಹೊರತೆಗೆಯಲು ದಂತವೈದ್ಯರ ಉಪಕರಣ ಬೇಕು. ಬಿಸಿ ಕಾಫಿಯದು ಇನ್ನೊಂದು ಗೋಳು. ಗಾಜು ಕೈ ಸುಡುತ್ತದೆಂದು ಕೆಲವರು ಜಾರಿಗೆ ಹಿಡಿ ಕೂರಿಸಿದ್ದಾರೆ. ಹಿಡಿ ಬಂದ ಮೇಲೆ ಅದು ಮಗ್ಗು. ಮಗ್ಗು ಆಗಲೇ ಇತ್ತಲ್ಲ ಸ್ವಾಮಿ?

ಈ ಸಂಕಟ ನನ್ನೊಬ್ಬನದೇ ಅಲ್ಲ. ಬ್ರಿಟನ್ನಿನಲ್ಲಿ ಹೆಂಚಿನ ಮೇಲೆ ಮಾಂಸ, ಸಲಿಕೆಯ ಮೇಲೆ ತಿಂಡಿ ಬಂದದ್ದನ್ನು ಕಂಡು ರೊಚ್ಚಿಗೆದ್ದ ರಾಸ್ ಮೆಕ್‌ಗಿನ್ನಿಸ್ ಎಂಬಾತ 2015ರಲ್ಲಿ ‘ನಮಗೆ ತಟ್ಟೆ ಬೇಕು’ ಎಂಬ ಚಳವಳಿಯನ್ನೇ ಶುರುಮಾಡಿದ. ಲಕ್ಷಾಂತರ ಜನ ಅವನ ಹಿಂದೆ ನಿಂತರು. ಉಪ್ಪಿನ ಸತ್ಯಾಗ್ರಹ ಕಂಡ ದೇಶ ನಮ್ಮದು, ಒಂದು ಲೋಟದ ಸತ್ಯಾಗ್ರಹ ಮಾಡಲಾರೆವೆ?

ಇಷ್ಟೆಲ್ಲ ಬೈದರೂ ಜಾರಿನ ಮೇಲೆ ನನಗೆ ದ್ವೇಷವಿಲ್ಲ. ನಾರ್ತ್ ಕೆರೊಲಿನಾದಲ್ಲಿರುವ ನನ್ನ ಚಿಕ್ಕಪ್ಪನ ಮಗಳ ಅಡುಗೆಮನೆಗೆ ಹೋದರೆ ಗೊತ್ತಾಗುತ್ತದೆ. ಡಜನ್ ಲೆಕ್ಕದಲ್ಲಿ ಜಾರು ತಂದು, ಒಂದರಲ್ಲಿ ಬೆಣ್ಣೆ ಕಾಯಿಸಿದ ತುಪ್ಪ, ಒಂದರಲ್ಲಿ ಹುಳಿಪುಡಿ, ಒಂದರಲ್ಲಿ ಮೆಂತ್ಯಹಿಟ್ಟು, ಇನ್ನೊಂದರಲ್ಲಿ ಊರಿಂದ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಉಸಿರು ಬಿಗಿಹಿಡಿದು ಬಂದ ಮಿಡಿ ಉಪ್ಪಿನಕಾಯಿ. ಒಂದೊಂದರ ಮೇಲೂ ಕನ್ನಡದಲ್ಲಿ ಬರೆದ ಚೀಟಿ, ಒಂದೊಂದಕ್ಕೂ ಬಿಗಿಯಾದ ಮುಚ್ಚಳ. ಗುಡ್ಡ ಕರಗಿದ್ದು ಇಂಥ ಕೆಲಸಕ್ಕಾದರೆ ಸಾರ್ಥಕ. ಅತಿಥಿಗಳು ಬಂದರೆ ಅವಳು ಪಾನಕ ಕೊಡುವುದು ಸ್ಟೀಲಿನ ಲೋಟದಲ್ಲಿ.

ಆದ್ದರಿಂದ ಕೆಫೆ ಮಾಲೀಕರಲ್ಲಿ ನನ್ನದೊಂದು ವಿನಂತಿ. ಮಜ್ಜಿಗೆಯನ್ನು ಲೋಟದಲ್ಲಿ ಕೊಡಿ. ಜಾರಿನಲ್ಲೇ ಕೊಡುತ್ತೇವೆ ಎಂಬ ಹಟವಿದ್ದರೆ ಎಸೆದಿರುವ ಆ ಮುಚ್ಚಳವನ್ನು ಹುಡುಕಿ ಜೊತೆಗೆ ಕೊಡಿ. ಇನ್ನೂರು ಚಿಲ್ಲರೆ ಕೊಟ್ಟ ಮೇಲೆ ಜಾರು ನಮ್ಮದೇ ಎಂದುಕೊಂಡು ತೊಳೆದು ಮನೆಗೆ ಒಯ್ಯುತ್ತೇವೆ. ಮನೆಯಲ್ಲಿ ಸಾರಿನ ಪುಡಿ ಪ್ಲಾಸ್ಟಿಕ್ ಕವರಿನಲ್ಲೇ ಇದೆ.