ಅಧ್ಯಕ್ಷರು ನಾನೇ, ಅಂದ್ರೆ…

(ಗ್ರಾಮ ಪಂಚಾಯಿತಿ ಕಚೇರಿ. ಅಧ್ಯಕ್ಷೆಯ ಕುರ್ಚಿಯಲ್ಲಿ ಒಂದು ಮೀಸೆ. ಗಾಬರಿಯಾಗಬೇಡಿ, ಇದು ವಾಡಿಕೆ.)

ಅಜ್ಜಿ: (ಕೈಯಲ್ಲಿ ಅರ್ಜಿ ಹಿಡಿದು) ಅಧ್ಯಕ್ಷರು ಯಾರಪ್ಪಾ?

ಮೀಸೆ: ನಾನೇ. ಅಂದ್ರೆ ನನ್ನ ಹೆಂಡ್ತಿ. ಅಂದ್ರೆ ನಾನೇ.

ಅಜ್ಜಿ: ಬೋರ್ಡಲ್ಲಿ ಹೆಣ್ಣಿನ ಹೆಸರೈತೆ?

ಮೀಸೆ: ಮೀಸಲಾತಿ ಬೋರ್ಡಿಗೆ ಅಜ್ಜಿ, ಕುರ್ಚಿಗಲ್ಲ. 1987ರಲ್ಲಿ ಮಂಡಲ ಪಂಚಾಯಿತಿಗೆ ನಮ್ಮವ್ವ ಗೆದ್ದಿದ್ಲು. ಆಗ ಹೆಂಗಸರಿಗೆ ನೂರಕ್ಕೆ 25. ಅಪ್ಪನೇ ಸಂಭಾಳಿಸಿದ. ಈಗ ನೂರಕ್ಕೆ 50. ಗಂಡಂದಿರಿಗೆ ಕೆಲಸ ಡಬಲ್!

ಅಜ್ಜಿ: ಅವಳೆಲ್ಲಿ?

ಮೀಸೆ: ಮನೇಲಿ ಮುದ್ದೆ ತಿರುವ್ತಾಳೆ. ಹೊರಗೆ ಓಡಾಡಿದ್ರೆ ನಾಲ್ಕು ಜನ ಏನಂತಾರೆ?

ಅಜ್ಜಿ: ಓಟು ಕೇಳೋವಾಗ ಆ ನಾಲ್ಕು ಜನ ಊರಲ್ಲಿರಲಿಲ್ವಾ?

(ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಕೆಮ್ಮುತ್ತಾರೆ. ಪಿಡಿಒಗಳ ಅರ್ಧ ಆಡಳಿತ ಕೆಮ್ಮಿನಲ್ಲೇ ನಡೆಯುತ್ತದೆ.)

ಪಿಡಿಒ: ಸಾರ್, ನೀರಿನ ಪೈಪಿನ ಬಿಲ್ಲಿಗೆ ಮೇಡಂ ಸಹಿಯ ಡಾಂಗಲ್ ಬೇಕು.

ಮೀಸೆ: (ಜೇಬು ತಡಕುತ್ತಾ) ನಿನ್ನೆ ಇಲ್ಲೇ ಇತ್ತಲ್ಲ!

ಪಿಡಿಒ: ಮೇಡಂ ಫೋನ್ ಮಾಡಿದ್ರು. ಪೈಪು ಅಳೆದು ನೋಡಿ ಆಮೇಲೆ ಸಹಿಯಂತೆ. ಸ್ತ್ರೀಶಕ್ತಿ ಸಂಘದವರ ಜೊತೆ ಟೇಪು ಹಿಡ್ಕೊಂಡು ಹೊರಟಿದಾರೆ.

ಮೀಸೆ: ಅಳೆಯೋದು ಅವಳಿಗ್ಯಾರು ಕಲಿಸಿದ್ದು?

ಪಿಡಿಒ: ತರಬೇತಿಗೆ ನಿಮ್ಮನ್ನ ಒಳಗೆ ಬಿಡಲಿಲ್ವಲ್ಲ, ಅವತ್ತು ಕಲಿತಿರಬೇಕು.

ಅಜ್ಜಿ: ಹಂಗಾದ್ರೆ ಅರ್ಜಿ ನಲ್ಲಿ ಹತ್ರಾನೇ ಕೊಡ್ತೀನಿ. ನೀ ಕೂತಿರಪ್ಪ, ಕುರ್ಚಿ ಕಾಯೋಕೂ ಒಬ್ರು ಬೇಕು.