ಇಳಕಲ್ಲಿನ ಮಗ್ಗದ ಮನೆಗಳಿಗೆ, ಎದೆಯುರಿಯ ಬಗ್ಗೆ ಒಂದು ಬಹಿರಂಗ ಪತ್ರ

ಕಾಕಾ, ಕಾಕು, ಅಣ್ಣಂದಿರೇ, ಅಕ್ಕಂದಿರೇ,

ನಿಮ್ಮ ಓಣಿಯ ಮಗ್ಗದ ಸಪ್ಪಳ ಕೇಳಿ ಬೆಳೆದವನು ನಾನು. ರಾತ್ರಿ ಉಂಡ ಮೇಲೆ ಅಡುಗೆ ಸೋಡಾ ಕದಡಿದ ನೀರು ಕುಡಿದು, ದೊಡ್ಡದಾಗಿ ತೇಗಿ, ‘ಹಗುರಾತು ನೋಡು’ ಅನ್ನುವ ಮಾತನ್ನೂ ಮನೆಮನೆಯಲ್ಲಿ ಕೇಳಿದ್ದೇನೆ. ನಮ್ಮಪ್ಪನೂ ಅದನ್ನೇ ಅನ್ನುತ್ತಿದ್ದರು. ಅವರ ಸಲುವಾಗಿಯೇ ಈ ಪತ್ರ.

ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಕೂಡಿಸುವುದು ನಿಮ್ಮ ಕಸುಬು. ಆ ಕೊಂಡಿ ಸಡಿಲಾದರೆ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ. ಅನ್ನನಾಳ ಹೊಟ್ಟೆಯನ್ನು ಸೇರುವಲ್ಲಿಯೂ ಸ್ನಾಯುವಿನ ಒಂದು ಬಿಗಿ ಇದೆ. ತುತ್ತು ಇಳಿಯುವಾಗ ತೆರೆದು, ಮತ್ತೆ ಮುಚ್ಚಿಕೊಳ್ಳುವುದು ಅದರ ಕೆಲಸ. ಅದು ಹೊತ್ತಲ್ಲದ ಹೊತ್ತಿನಲ್ಲಿ ಸಡಿಲಾದರೆ ಹೊಟ್ಟೆಯ ಆಮ್ಲ ಮೇಲಕ್ಕೇರುತ್ತದೆ. ಆಮ್ಲ ತಡೆದುಕೊಳ್ಳುವ ಒಳಪದರ ಹೊಟ್ಟೆಗಿದೆ, ಅನ್ನನಾಳಕ್ಕಿಲ್ಲ. ನೀವು ‘ಪಿತ್ತ’, ‘ಗ್ಯಾಸ್’ ಅನ್ನುವ ಎದೆಯುರಿ, ಹುಳಿ ತೇಗು ಬಹುಪಾಲು ಇದೇ. ಬೆಳಗಿನ ಗಂಟಲು ಕೆರೆತಕ್ಕೂ ಒಣಕೆಮ್ಮಿಗೂ ಕೆಲವೊಮ್ಮೆ ಇದೇ ಕಾರಣ.

ಎಲ್ಲರೂ ಮೊದಲು ಬೈಯುವುದು ಕೆಂಪು ಖಾರವನ್ನು. ಅದು ಕೆಲವರಿಗೆ ಉರಿ ಹೆಚ್ಚಿಸುವುದು ಖರೆ. ಆದರೆ ಖಾರ ಬಿಟ್ಟೂ ಉರಿ ಬಿಡದವರನ್ನು ನಾನು ಕಂಡಿದ್ದೇನೆ. ನನ್ನ ಕಣ್ಣಿಗೆ ಬೀಳುವುದು ಬೇರೆ. ಸೀರೆ ಮುಗಿಸುವ ಅವಸರದಲ್ಲಿ ಊಟ ರಾತ್ರಿ ಹತ್ತೂವರೆಗೆ, ಹನ್ನೊಂದಕ್ಕೆ ಹಾಸಿಗೆ. ಮಧ್ಯಾಹ್ನ ಹೊಟ್ಟೆ ತುಂಬ ಉಂಡು, ಕೈ ತೊಳೆದು, ಸೀದಾ ಕುಣಿಮಗ್ಗಕ್ಕಿಳಿದು ಬಾಗಿ ಕೂರುವುದು. ಬಾಗಿದರೆ ಹೊಟ್ಟೆ ಒತ್ತಿಕೊಳ್ಳುತ್ತದೆ, ಮಲಗಿದರೆ ಆಮ್ಲಕ್ಕೆ ಇಳಿಜಾರೇ ಸಿಗುತ್ತದೆ. ಬನಶಂಕರಿ ಜಾತ್ರೆಯಲ್ಲಿ ನಾಟಕ ನೋಡಿ, ನಡುರಾತ್ರಿ ಮಿರ್ಚಿ ಭಜಿ ತಿಂದು ಹಾಗೇ ಅಡ್ಡಾದವರಿಗೆ ಬೆಳಗಿನ ಜಾವದ ಆ ಉರಿಯ ಗುರುತಿರುತ್ತದೆ. ಇದಕ್ಕೆ ಗುಟ್ಕಾ, ಬೀಡಿ ಬೇರೆ ಕೂಡುತ್ತವೆ. ತಂಬಾಕು ಆ ಬಿಗಿಯನ್ನೇ ಸಡಿಲ ಮಾಡುತ್ತದೆ. ಬೆನ್ನುನೋವಿಗೆಂದು ನುಂಗುವ ನೋವಿನ ಮಾತ್ರೆ ಹೊಟ್ಟೆಯ ಒಳಪದರವನ್ನೇ ಕೆಡಿಸುತ್ತದೆ.

ಉಂಡು ಮಲಗುವ ನಡುವೆ ಮೂರು ತಾಸು ಬಿಡಿ. ಮಂಚವಿದ್ದರೆ ತಲೆಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು 15ರಿಂದ 20 ಸೆಂಟಿಮೀಟರ್ ಎತ್ತರಿಸಿ. ದಿಂಬಿನ ಮೇಲೆ ದಿಂಬು ಹಾಕಿದರೆ ಕುತ್ತಿಗೆ ಬಾಗುತ್ತದೆಯೇ ಹೊರತು ಎದೆ ಏರುವುದಿಲ್ಲ. ನೆಲದ ಮೇಲೆ ಮಲಗುವವರು ಎಡಮಗ್ಗುಲಾಗಿ. ಹೊಟ್ಟೆಯ ಬೊಜ್ಜು ಸ್ವಲ್ಪ ಕರಗಿದರೂ ಉರಿ ತಗ್ಗುತ್ತದೆ.

ಮಾತ್ರೆಯ ವಿಷಯ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಒಳ್ಳೆಯ ಔಷಧಿಗಳೇ. ಉರಿ ಎದ್ದ ಮೇಲೆ ನುಂಗಿದರೆ ಅವುಗಳ ಪೂರ್ತಿ ಗುಣ ಸಿಗದು. ಊಟಕ್ಕೆ ಅರ್ಧ ತಾಸು ಮೊದಲು, ವೈದ್ಯರು ಹೇಳಿದಷ್ಟು ದಿನ, ಸಾಮಾನ್ಯವಾಗಿ 4ರಿಂದ 8 ವಾರ. ದಿನವೂ ಸೋಡಾ ಕುಡಿದರೆ ಮೈಗೆ ಸೋಡಿಯಂ ಸೇರುತ್ತದೆ. ಬಿಪಿ ಇದ್ದವರಿಗೆ ಅದು ಅಪಾಯ.

ಇನ್ನೊಂದು ಮಾತು, ಕೈ ಮುಗಿದು ಹೇಳುತ್ತೇನೆ. ಎದೆ ಹಿಂಡಿದ ಹಾಗಾಗಿ, ಬೆವರು ಬಿಟ್ಟು, ನೋವು ಎಡಗೈಗೋ ದವಡೆಗೋ ಹರಿದರೆ ಅದನ್ನು ಗ್ಯಾಸ್ ಅನ್ನಬೇಡಿ. ಸೋಡಾ ಕದಡುತ್ತ ಕೂರಬೇಡಿ. ಹತ್ತಿರದ ಆಸ್ಪತ್ರೆಗೆ ಓಡಿ ಮೊದಲು ಇಸಿಜಿ ಮಾಡಿಸಿ. ಮಲ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ಮೈ ಇಳಿದರೆ, ತುತ್ತು ಸಿಕ್ಕಿಕೊಂಡಂತಾದರೆ ಒಂದು ದಿನವೂ ತಡ ಮಾಡಬೇಡಿ.

ಅಪ್ಪ ಆ ಕೊನೆಯದನ್ನು ಒಂದು ವರ್ಷ ಯಾರಿಗೂ ಹೇಳಲಿಲ್ಲ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನತೊಡಗಿದರು. ಹಲ್ಲು ಸಡಿಲಾಗಿರಬೇಕು ಅಂದುಕೊಂಡೆವು ನಾವು. ಎಂಡೋಸ್ಕೋಪಿ ಮಾಡಿದಾಗ ಆಮ್ಲದ ಗಾಯ ಮಾಗಿ ಮಾಗಿ ಅನ್ನನಾಳದ ಕೆಳತುದಿ ಕಿರಿದಾಗಿರುವುದು ಕಂಡಿತು. ವೈದ್ಯರು ಮೂರು ಸಲ ಹಿಗ್ಗಿಸಿದರು, ಮಾತ್ರೆ ಬಿಡಬಾರದೆಂದರು. ಆಮೇಲೊಂದು ಸಂಜೆ, ಇನ್ನೂ ಬೆಳಕಿರುವಾಗಲೇ, ಅಪ್ಪ ಊಟಕ್ಕೆ ಕುಳಿತು ಖಡಕ್ ರೊಟ್ಟಿಯನ್ನು ಹಾಗೇ ಮುರಿದರು. ಆ ಸಪ್ಪಳ ಕೇಳಿ ಅವ್ವ ಹಾಲಿನ ಬಟ್ಟಲು ಕೈಯಲ್ಲೇ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

ನಿಮ್ಮ ಓಣಿಯ ಹುಡುಗ